ಯುದ್ಧವಿಮಾನಗಳ ಸಂತೆ

ನಮ್ಮ ಮುಂಬಯಿಯಲ್ಲಿ ಬೆಳೆದ ಕನ್ನಡದ ಮಕ್ಕಳಿಗೆ ಪೇಟೆಯ ವ್ಯವಹಾರವನ್ನು ಹೊಸದಾಗಿ ವಿವರಿಸಬೇಕಾಗಿಲ್ಲ. ಹಬ್ಬದ ಮುನ್ನಾದಿನ ದಾದರಿನ ಹೂವಿನ ಪೇಟೆಗೋ ಮಂಗಳದಾಸ್ ಮಾರ್ಕೆಟ್ಟಿನ ಬಟ್ಟೆಯ ಅಂಗಡಿಗಳಿಗೋ ತಾಯಿಯೊಡನೆ ಹೋದವರು, ಅಂಗಡಿಯವರು ಗಿರಾಕಿಯನ್ನು ಕೂಗಿ ಕರೆಯುವುದನ್ನೂ, ಸೀರೆಗಳನ್ನು ಒಂದರ ಮೇಲೊಂದು ಬಿಚ್ಚಿ ಹರವುವುದನ್ನೂ, ಈ ದರಕ್ಕೆ ಇಂಥ ಮಾಲು ಊರಲ್ಲೆಲ್ಲೂ ಸಿಕ್ಕದೆಂದು ಆಣೆಯಿಡುವುದನ್ನೂ ಕಣ್ಣಾರೆ ಕಂಡಿದ್ದಾರೆ. ಇಂಥದೇ ಇನ್ನೊಂದು ಪೇಟೆ ಲೋಕದಲ್ಲಿ ಉಂಟು. ಅಲ್ಲಿಯ ಅಂಗಡಿಗಳು ಬೆರಳೆಣಿಕೆಯಷ್ಟು, ಗಿರಾಕಿಗಳು ದೇಶದೇಶಗಳ ಸರ್ಕಾರಗಳು, ಸರಕಾದರೋ ಯುದ್ಧವಿಮಾನ. ಅಂಗಡಿಯ ಬಾಗಿಲಲ್ಲಿ ನಿಂತು ಕರೆಯುವವರು ಮಂತ್ರಿಗಳು, ಪ್ರಧಾನಿಗಳು, ಅಧ್ಯಕ್ಷರು! ಈ ವಿಚಿತ್ರ ಸಂತೆಯಲ್ಲಿ ಯೂರೋಪಿನ ದೇಶಗಳು ಒಂದರೊಡನೊಂದು ಹೇಗೆ ಸ್ಪರ್ಧಿಸುತ್ತವೆ, ಏಕೆ ಸ್ಪರ್ಧಿಸುತ್ತವೆ, ಅದರಿಂದ ಕೊಳ್ಳುವವರಿಗೆ ಆಗುವುದೇನು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ. ನಮ್ಮ ದೇಶವೂ ಈ ಸಂತೆಯ ದೊಡ್ಡ ಗಿರಾಕಿಗಳಲ್ಲೊಂದು. ಆದುದರಿಂದ ಇದು ದೂರದ ಊರಿನ ಸುದ್ದಿಯೆಂದು ಕಡೆಗಣಿಸುವಂತಿಲ್ಲ.

ಮೊದಲು ಸರಕಿನ ಪರಿಚಯ ಮಾಡಿಕೊಳ್ಳೋಣ. ಇಂದು ಯೂರೋಪಿನಲ್ಲಿ ಹೊರದೇಶಗಳಿಗೆ ಮಾರಲು ತಯಾರಾಗುತ್ತಿರುವ ಮುಖ್ಯ ಯುದ್ಧವಿಮಾನಗಳು ಮೂರು. ಒಂದು, ಸ್ವೀಡನ್ ದೇಶದ ಸಾಬ್ ಸಂಸ್ಥೆಯ 'ಗ್ರಿಪೆನ್'. ಎರಡು, ಫ್ರಾನ್ಸಿನ ಡಸಾಲ್ಟ್ ಸಂಸ್ಥೆಯ 'ರಫೇಲ್'. ಮೂರು, ಬ್ರಿಟನ್, ಜರ್ಮನಿ, ಇಟಲಿ, ಸ್ಪೇನ್ ಎಂಬ ನಾಲ್ಕು ದೇಶಗಳು ಸೇರಿ ಮಾಡುವ 'ಯೂರೋಫೈಟರ್ ಟೈಫೂನ್'. ಹೆಸರುಗಳೇ ಭಯಂಕರವಾಗಿವೆ. ರಫೇಲ್ ಎಂದರೆ ಫ್ರೆಂಚ್ ಭಾಷೆಯಲ್ಲಿ ರಭಸದ ಗಾಳಿಯ ಬೀಸು. ಟೈಫೂನ್ ಎಂದರೆ ಚಂಡಮಾರುತ. ಗ್ರಿಪೆನ್ ಎಂದರೆ ಸಿಂಹದ ಮೈಯೂ ಗರುಡನ ತಲೆರೆಕ್ಕೆಗಳೂ ಉಳ್ಳ ಪುರಾಣದ ಪ್ರಾಣಿ. ನಮ್ಮ ಗಂಡಭೇರುಂಡದಂತೆ ಅದೂ ಕಲ್ಪನೆಯ ಜೀವಿಯೇ. ಗ್ರಿಪೆನ್ ಒಂದೇ ಎಂಜಿನ್ನಿನ ಹಗುರವಾದ ವಿಮಾನ. ಕೊಳ್ಳುವುದಕ್ಕೂ ನಡೆಸುವುದಕ್ಕೂ ಕಡಿಮೆ ಖರ್ಚು ತಗಲುವುದೆಂಬುದೇ ಅದರ ಹಿರಿಮೆ. ಸಾಮಾನ್ಯ ಹೆದ್ದಾರಿಯ ಮೇಲೆ ಕೂಡ ಇಳಿದು ಏರಬಲ್ಲುದು. ಉಳಿದೆರಡಕ್ಕೆ ಎರಡೆರಡು ಎಂಜಿನ್ನುಗಳು. ಅವು ಹೆಚ್ಚು ಭಾರ ಹೊರುತ್ತವೆ, ಹೆಚ್ಚು ಬೆಲೆಯನ್ನೂ ಕೇಳುತ್ತವೆ.

ಈ ದೇಶಗಳು ತಮ್ಮ ರಕ್ಷಣೆಗೆ ಬೇಕಾದಷ್ಟು ವಿಮಾನಗಳನ್ನು ಮಾಡಿಕೊಂಡು ಸುಮ್ಮನಿರಬಾರದೇ? ಹೊರಗೆ ಮಾರುವ ಆತುರವೇಕೆ? ಇದಕ್ಕೆ ಉತ್ತರ ನಿಮ್ಮ ಕೈಯಲ್ಲಿರುವ ಈ ವಾರ್ಷಿಕ ಸಂಚಿಕೆಯಲ್ಲಿಯೇ ಇದೆ. ಒಂದು ಸಂಚಿಕೆಯನ್ನು ಹೊರತರುವಾಗ ಪುಟಗಳನ್ನು ಜೋಡಿಸುವ ಖರ್ಚು, ಮುಖಚಿತ್ರ ಬರೆಸುವ ಖರ್ಚು, ಕರಡು ತಿದ್ದುವ ಶ್ರಮ, ಇವೆಲ್ಲ ನೂರು ಪ್ರತಿ ಅಚ್ಚು ಮಾಡಿದರೂ ಅಷ್ಟೇ, ಸಾವಿರ ಪ್ರತಿ ಅಚ್ಚು ಮಾಡಿದರೂ ಅಷ್ಟೇ. ಕಾಗದ ಮತ್ತು ಹೊಲಿಗೆಯ ಖರ್ಚು ಮಾತ್ರ ಪ್ರತಿಗಳ ಸಂಖ್ಯೆಯೊಡನೆ ಏರುತ್ತದೆ. ಆದುದರಿಂದ ಹೆಚ್ಚು ಪ್ರತಿಗಳು ಖರ್ಚಾದಷ್ಟೂ ಒಂದೊಂದು ಪ್ರತಿಯ ಬೆಲೆ ಇಳಿಯುತ್ತದೆ.

ಯುದ್ಧವಿಮಾನದ ಲೆಕ್ಕವೂ ಹೀಗೆಯೇ. ಸುಮ್ಮನೆ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ವಿಮಾನದ ನಕ್ಷೆ ತಯಾರಿಸಿ, ಮಾದರಿಗಳನ್ನು ಕಟ್ಟಿ, ವರ್ಷಗಟ್ಟಲೆ ಹಾರಿಸಿ ಪರೀಕ್ಷಿಸಲು 10,000 ರೂಪಾಯಿ ತಗಲಿತೆನ್ನಿ. ಅನಂತರ ಒಂದೊಂದು ವಿಮಾನವನ್ನು ಕಟ್ಟಲು 100 ರೂಪಾಯಿ. ತಮ್ಮ ಸೈನ್ಯಕ್ಕಾಗಿ 50 ವಿಮಾನಗಳನ್ನು ಮಾತ್ರ ಕಟ್ಟಿದರೆ ಒಂದೊಂದಕ್ಕೆ 300 ರೂಪಾಯಿ ಬೀಳುತ್ತದೆ. 100 ಕಟ್ಟಿದರೆ 200; 200 ಕಟ್ಟಿದರೆ 150. ಹೊರಗಿನ ಗಿರಾಕಿ ಒಬ್ಬ ಸಿಕ್ಕಿದನೆಂದರೆ ಮನೆಯವರ ಹೊರೆಯೂ ಇಳಿಯಿತು. ಹತ್ತು ಜನರಿಗೆ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಇನ್ನೂ ಒಂದು ಕಾರಣವುಂಟು. ಯುದ್ಧವಿಮಾನ ಕಟ್ಟುವ ಕುಶಲಿಗಳನ್ನು ಒಮ್ಮೆ ಚದರಿಸಿಬಿಟ್ಟರೆ ಮತ್ತೆ ಕೂಡಿಸುವುದು ಬಲು ಕಷ್ಟ. ಮಗ್ಗ ನಿಂತುಹೋದ ಊರಿನಲ್ಲಿ ನೇಯ್ಗೆಯ ವಿದ್ಯೆ ಒಂದು ತಲೆಮಾರಿನಲ್ಲಿ ಮಾಯವಾಗುವಂತೆ, ಕಾರ್ಖಾನೆ ನಿಂತ ದೇಶದಲ್ಲಿ ವಿಮಾನದ ವಿದ್ಯೆಯೂ ಮಾಯವಾಗುತ್ತದೆ. ಸ್ವಂತ ಸೈನ್ಯದ ಬೇಡಿಕೆ ತೀರಿದ ಮೇಲೂ ಕಾರ್ಖಾನೆಯ ಉಸಿರು ನಿಲ್ಲದಂತೆ ನೋಡಿಕೊಳ್ಳುವುದು ಹೊರದೇಶಗಳ ಬೇಡಿಕೆಯೇ. ಜೊತೆಗೆ, ಒಮ್ಮೆ ವಿಮಾನ ಮಾರಿದರೆ ಮೂವತ್ತು ನಲವತ್ತು ವರ್ಷಗಳ ಸಂಬಂಧ ಬೆಳೆಯುತ್ತದೆ. ಬಿಡಿಭಾಗ, ದುರಸ್ತಿ, ತರಬೇತಿ, ಹೊಸ ಕ್ಷಿಪಣಿ, ಹೀಗೆ ಎಲ್ಲಕ್ಕೂ ಕೊಂಡವನು ಮಾರಿದವನ ಬಾಗಿಲಿಗೇ ಹೋಗಬೇಕು. ಆನೆಯನ್ನು ಕೊಂಡವನಿಗೆ ಅದರ ಬೆಲೆಗಿಂತ ಅದರ ಮೇವಿನ ಚಿಂತೆಯೇ ಹೆಚ್ಚೆಂಬುದನ್ನು ಮಾರುವವನು ಚೆನ್ನಾಗಿ ಬಲ್ಲನು.

ಯೂರೋಪಿನವರು ಒಟ್ಟಾಗಿ ಒಂದೇ ವಿಮಾನವನ್ನು ಮಾಡಿದ್ದರೆ ಈ ಹೊರೆ ಹಂಚಿಹೋಗುತ್ತಿರಲಿಲ್ಲವೇ ಎಂಬ ಪ್ರಶ್ನೆ ಸಹಜವಾದುದು. ಹಾಗೆ ಮಾಡುವ ಪ್ರಯತ್ನ ನಡೆದದ್ದೂ ಉಂಟು. 1980ರ ದಶಕದ ಮೊದಲಲ್ಲಿ ಬ್ರಿಟನ್, ಜರ್ಮನಿ, ಇಟಲಿ, ಸ್ಪೇನ್, ಫ್ರಾನ್ಸ್ ಐವರೂ ಕೂಡಿ ಒಂದೇ ವಿಮಾನ ಮಾಡುವ ಮಾತು ನಡೆಸಿದರು. ಆದರೆ ಫ್ರಾನ್ಸಿಗೆ ಬೇಕಾದುದು ವಿಮಾನವಾಹಕ ಹಡಗಿನ ಮೇಲೂ ಇಳಿಯಬಲ್ಲ, ಸ್ವಲ್ಪ ಹಗುರವಾದ ವಿಮಾನ. ಉಳಿದವರಿಗೆ ಬೇಕಾದುದು ಬೇರೆ. ನಕ್ಷೆಯ ಯಜಮಾನಿಕೆ ಯಾರದೆಂಬ ಜಗಳವೂ ಸೇರಿತು. 1985ರಲ್ಲಿ ಫ್ರಾನ್ಸ್ ಹೊರನಡೆಯಿತು. ಮಾರನೆಯ ವರ್ಷ, 1986ರ ಜುಲೈ 4ರಂದು ಅದರ ರಫೇಲ್ ಮಾದರಿ ಗಗನಕ್ಕೇರಿತು. ಉಳಿದ ನಾಲ್ವರ ಯೂರೋಫೈಟರ್ ಮೊದಲು ಹಾರಿದ್ದು 1994ರ ಮಾರ್ಚಿಯಲ್ಲಿ. ಗ್ರಿಪೆನ್ ಇವೆರಡರ ನಡುವೆ, 1988ರ ಡಿಸೆಂಬರಿನಲ್ಲಿ ಹಾರಿತು. ಹೀಗೆ ಒಂದೇ ಖಂಡದಲ್ಲಿ ಮೂರು ಅಂಗಡಿಗಳು ತೆರೆದವು. ಒಂದರ ಗಿರಾಕಿಯನ್ನು ಇನ್ನೊಂದು ಸೆಳೆಯುವ ಕಾಲ ಬಂದಿತು.

ಯೂರೋಫೈಟರಿನ ನಿರ್ಮಾಣವೂ ಕುತೂಹಲಕರವಾದುದು. ಮೂತಿಯ ಭಾಗ ಬ್ರಿಟನ್ನಿನಲ್ಲಿ, ನಡುಭಾಗ ಜರ್ಮನಿಯಲ್ಲಿ, ಎಡರೆಕ್ಕೆ ಇಟಲಿಯಲ್ಲಿ ತಯಾರಾಗುತ್ತವೆ. ಬಲರೆಕ್ಕೆಯ ಕೆಲಸ ಸ್ಪೇನಿನದು. ಕಡೆಯಲ್ಲಿ ಜೋಡಿಸುವ ಕೆಲಸವೂ ನಾಲ್ಕು ದೇಶಗಳಲ್ಲಿ ನಾಲ್ಕು ಕಡೆ ನಡೆಯುತ್ತದೆ. ಖರ್ಚು ಹಂಚಿಹೋಯಿತೆಂಬುದು ಇದರ ಲಾಭ. ಆದರೆ ನಾಲ್ಕು ಮನೆಯವರ ಪಾಲಿನ ಎತ್ತನ್ನು ಮಾರಬೇಕಾದರೆ ನಾಲ್ವರೂ ಒಪ್ಪಬೇಕಷ್ಟೆ? ಸೌದಿ ಅರೇಬಿಯಾ 2007ರಲ್ಲಿ 72 ಟೈಫೂನುಗಳನ್ನು ಕೊಂಡಿತು. 2018ರಲ್ಲಿ ಇನ್ನೂ 48 ಬೇಕೆಂದು ಬ್ರಿಟನ್ನಿನೊಡನೆ ಮಾತಾಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಪತ್ರಕರ್ತ ಜಮಾಲ್ ಖಶೋಗ್ಗಿಯವರ ಕೊಲೆಯಾದಾಗ ಜರ್ಮನಿಯು ಸೌದಿಗೆ ಆಯುಧ ಕಳಿಸುವುದನ್ನು ತಡೆಯಿತು. ಯೆಮನ್ ದೇಶದ ಯುದ್ಧವೂ ಅದರ ಮನಸ್ಸಿನಲ್ಲಿತ್ತು. ಮಾರಬೇಕೆಂಬ ಬ್ರಿಟನ್ನಿನ ಆಸೆ ವರ್ಷಗಟ್ಟಲೆ ಆಸೆಯಾಗಿಯೇ ಉಳಿಯಿತು. ಜರ್ಮನಿ ತನ್ನ ಅಡ್ಡಿಯನ್ನು ತೆಗೆದದ್ದು 2024ರ ಜನವರಿಯಲ್ಲಿ.

ಫ್ರಾನ್ಸಿಗೆ ಈ ತೊಡಕಿಲ್ಲ. ರಫೇಲಿನ ಮೈ, ಎಂಜಿನ್, ರೇಡಾರ್ ಎಲ್ಲವೂ ಅದರ ಸ್ವಂತದ್ದು. ಮಾರಬೇಕೋ ಬೇಡವೋ ಎಂಬುದನ್ನು ಪ್ಯಾರಿಸಿನಲ್ಲಿಯೇ ತೀರ್ಮಾನಿಸಬಹುದು. ಆದರೆ ಈ ಸ್ವಾತಂತ್ರ್ಯಕ್ಕೆ ಫ್ರಾನ್ಸ್ ತೆತ್ತ ಬೆಲೆ ಸಣ್ಣದಲ್ಲ. ದಕ್ಷಿಣ ಕೊರಿಯ, ಸಿಂಗಪುರ, ಮೊರಾಕ್ಕೊ, ಬ್ರೆಜಿಲ್, ಎಲ್ಲಿ ಹೋದರೂ ರಫೇಲಿಗೆ ಸೋಲೇ ಎದುರಾಯಿತು. ಮೊದಲ ಹಾರಾಟವಾಗಿ 28 ವರ್ಷಗಳು ಕಳೆದ ಮೇಲೆ, 2015ರ ಫೆಬ್ರುವರಿಯಲ್ಲಿ, ಈಜಿಪ್ಟ್ ದೇಶ 24 ವಿಮಾನಗಳಿಗೆ ಒಪ್ಪಂದ ಮಾಡಿಕೊಂಡಿತು. ಅದೇ ಮೊದಲ ಬೋಣಿ. ಆಮೇಲೆ ಕತಾರ್, ಭಾರತ, ಗ್ರೀಸ್, ಕ್ರೊಯೇಷಿಯಾ, ಸಂಯುಕ್ತ ಅರಬ್ ಸಂಸ್ಥಾನ, ಇಂಡೊನೇಷಿಯಾ, ಸರ್ಬಿಯಾ ಹೀಗೆ ಗಿರಾಕಿಗಳು ಸಾಲುಗಟ್ಟಿದರು. ಸಂಯುಕ್ತ ಅರಬ್ ಸಂಸ್ಥಾನವೊಂದೇ 2021ರ ಡಿಸೆಂಬರಿನಲ್ಲಿ 80 ವಿಮಾನಗಳಿಗೆ ಸಹಿ ಹಾಕಿತು. ತಾಳಿದವನು ಬಾಳಿಯಾನು ಎಂಬ ಮಾತು ವ್ಯಾಪಾರಕ್ಕೂ ಸಲ್ಲುತ್ತದೆ.

ಇನ್ನು ವ್ಯಾಪಾರ ನಡೆಯುವ ರೀತಿಯನ್ನು ನೋಡೋಣ. ಪ್ಯಾರಿಸ್ ಬಳಿಯ ಲೆ ಬುರ್ಜೆಯಲ್ಲಿ, ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಎರಡು ವರ್ಷಕ್ಕೊಮ್ಮೆ ವಿಮಾನಗಳ ದೊಡ್ಡ ಜಾತ್ರೆ ನಡೆಯುತ್ತದೆ. ನಮ್ಮ ಬೆಂಗಳೂರಿನ ಯಲಹಂಕದಲ್ಲಿಯೂ 1996ರಿಂದ ಇಂಥ ಪ್ರದರ್ಶನ ನಡೆಯುತ್ತ ಬಂದಿದೆ. ಅಲ್ಲಿ ವಿಮಾನಗಳು ಪಲ್ಟಿ ಹೊಡೆದು, ನೆಟ್ಟಗೆ ಮೇಲೇರಿ ಜನರನ್ನು ಬೆರಗುಗೊಳಿಸುತ್ತವೆ. ಆದರೆ ಪಲ್ಟಿ ಕಂಡು ಯಾವ ಸರ್ಕಾರವೂ ಹಣ ಎಣಿಸುವುದಿಲ್ಲ. ಅಳೆದು ಸುರಿದು ನೋಡುವ ಪರೀಕ್ಷೆ ಬೇರೆಯೇ ಇದೆ.

ಭಾರತದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 2007ರ ಆಗಸ್ಟಿನಲ್ಲಿ ನಮ್ಮ ಸರ್ಕಾರ 126 ಯುದ್ಧವಿಮಾನಗಳು ಬೇಕೆಂದು ಪ್ರಕಟಿಸಿತು. ಆರು ವಿಮಾನಗಳು ಸ್ಪರ್ಧೆಗೆ ಇಳಿದವು: ಅಮೆರಿಕದ ಎರಡು, ರಷ್ಯದ ಒಂದು, ಯೂರೋಪಿನ ಮೇಲೆ ಹೇಳಿದ ಮೂರೂ. 2009 ಮತ್ತು 2010ರಲ್ಲಿ ಅವುಗಳನ್ನು ಮೂರು ಕಡೆ ಹಾರಿಸಿ ನೋಡಿದರು. ಬೆಂಗಳೂರಿನ ತೇವದ ಹವೆ, ಜೈಸಲ್ಮೇರಿನ ಮರಳುಗಾಡಿನ ಸುಡುಬಿಸಿಲು, ಗಾಳಿ ತೆಳುವಾದ ಲೇಹದ ಎತ್ತರ, ಈ ಮೂರರಲ್ಲೂ ಎಂಜಿನ್ ಮುಗ್ಗರಿಸದೆ ನಡೆಯಬೇಕು. ಆರುನೂರಕ್ಕೂ ಹೆಚ್ಚು ತಾಂತ್ರಿಕ ಅಂಶಗಳನ್ನು ಒಂದೊಂದಾಗಿ ಗುರುತು ಹಾಕಿದರು. 2011ರ ಏಪ್ರಿಲಿನಲ್ಲಿ ತೇರ್ಗಡೆಯಾದವು ಎರಡೇ: ರಫೇಲ್ ಮತ್ತು ಟೈಫೂನ್. ಆಮೇಲೆ ಬೆಲೆಯ ಲಕೋಟೆಗಳನ್ನು ಒಡೆದರು. ಕೊಳ್ಳುವ ಬೆಲೆಯೊಂದನ್ನೇ ಅಲ್ಲ, ಆಯುಷ್ಯದುದ್ದಕ್ಕೂ ಹಾರಿಸುವ ಖರ್ಚನ್ನೂ ಕೂಡಿಸಿದಾಗ, 2012ರ ಜನವರಿಯಲ್ಲಿ ರಫೇಲಿನ ಬೆಲೆ ಕಡಿಮೆಯೆಂದು ಕಂಡುಬಂದಿತು.

ಇಷ್ಟಾದರೂ ಕಥೆ ಮುಗಿಯಲಿಲ್ಲ. ಭಾರತದಲ್ಲಿ ಕಟ್ಟುವ ವಿಮಾನಗಳ ಹೊಣೆ ಯಾರದು, ದರವೆಷ್ಟು ಎಂಬ ಮಾತುಕತೆಯಲ್ಲಿ ಮೂರು ವರ್ಷ ಕಳೆಯಿತು. ಕೊನೆಗೆ 126ರ ಯೋಜನೆ ಕೈಬಿಟ್ಟು, 2016ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನಿಂದಲೇ ಸಿದ್ಧವಾಗಿ ಬರುವ 36 ವಿಮಾನಗಳಿಗೆ ಸುಮಾರು 787 ಕೋಟಿ ಯೂರೋಗಳ ಒಪ್ಪಂದವಾಯಿತು. ಮೊದಲ ಐದು ವಿಮಾನಗಳು ಅಂಬಾಲಕ್ಕೆ ಬಂದಿಳಿದದ್ದು 2020ರ ಜುಲೈ 29ರಂದು. ಬೇಡಿಕೆ ಪ್ರಕಟವಾದ ವರ್ಷ ಒಂದನೆಯ ತರಗತಿಗೆ ಸೇರಿದ ಹುಡುಗ, ವಿಮಾನ ಬರುವ ಹೊತ್ತಿಗೆ ಶಾಲೆಯನ್ನೆಲ್ಲ ಮುಗಿಸಿ ಕಾಲೇಜಿನಲ್ಲಿದ್ದ! ಅನಂತರ 2025ರ ಏಪ್ರಿಲಿನಲ್ಲಿ ನಮ್ಮ ನೌಕಾಪಡೆಗಾಗಿ ಇನ್ನೂ 26 ರಫೇಲುಗಳಿಗೆ ಸಹಿಯಾಯಿತು.

ಸ್ಪರ್ಧಿಗಳು ಬೆಲೆಯೊಂದರಿಂದಲೇ ಗೆಲ್ಲುವುದಿಲ್ಲ. ಅವರ ಬತ್ತಳಿಕೆಯಲ್ಲಿ ಬೇರೆ ಬಾಣಗಳೂ ಇವೆ. ಮೊದಲನೆಯದು ಬಾಡಿಗೆ. ಒಮ್ಮೆಲೇ ಹಣ ಸುರಿಯಲಾರದ ಚೆಕ್ ಗಣರಾಜ್ಯಕ್ಕೂ ಹಂಗೆರಿಗೂ ಸ್ವೀಡನ್ ದೇಶ 14ರಂತೆ ಗ್ರಿಪೆನ್‌ಗಳನ್ನು ಗೇಣಿಗೆ ಕೊಟ್ಟಿತು. ಎರಡನೆಯದು ಅವಸರದ ಸರಬರಾಜು. ಈಜಿಪ್ಟಿಗೆ ಒಪ್ಪಂದವಾದ ಐದೇ ತಿಂಗಳಲ್ಲಿ ಮೊದಲ ಮೂರು ರಫೇಲುಗಳು ತಲುಪಿದವು. ಫ್ರಾನ್ಸ್ ತನ್ನ ಸ್ವಂತ ವಾಯುಪಡೆಗೆಂದು ತಯಾರಾಗುತ್ತಿದ್ದವನ್ನೇ ಅತ್ತ ತಿರುಗಿಸಿತ್ತು. ಮೂರನೆಯದು ವಿದ್ಯೆಯ ದಾನ. 2013ರ ಡಿಸೆಂಬರಿನಲ್ಲಿ ಬ್ರೆಜಿಲ್ ದೇಶ ರಫೇಲನ್ನೂ ಅಮೆರಿಕದ ವಿಮಾನವನ್ನೂ ಬಿಟ್ಟು ಗ್ರಿಪೆನನ್ನು ಆರಿಸಿತು; ಮಾರನೆಯ ವರ್ಷ 36 ವಿಮಾನಗಳಿಗೆ ಒಪ್ಪಂದವಾಯಿತು. ತನ್ನ ಎಂಜಿನಿಯರುಗಳು ಸ್ವೀಡನ್ನಿನಲ್ಲಿ ಕಲಿತು ಬರಬೇಕು, ಕೆಲವು ವಿಮಾನಗಳು ತನ್ನ ನೆಲದಲ್ಲಿಯೇ ಜೋಡಣೆಯಾಗಬೇಕು ಎಂಬುದು ಅದರ ಹಟವಾಗಿತ್ತು. ಅದರಂತೆ 2023ರಲ್ಲಿ ಬ್ರೆಜಿಲ್ಲಿನಲ್ಲಿ ಜೋಡಣೆಯ ಕಾರ್ಖಾನೆ ತೆರೆಯಿತು. ನಾಲ್ಕನೆಯದು ಮರುಹೂಡಿಕೆ. ಮಾರಿ ಗಳಿಸಿದ ಹಣದ ಒಂದು ಪಾಲನ್ನು ಕೊಂಡ ದೇಶದಲ್ಲಿಯೇ ಉದ್ಯೋಗ, ಬಿಡಿಭಾಗಗಳ ಖರೀದಿಗಳಿಗೆ ತೊಡಗಿಸುವ ಕರಾರು ಇದು. ಭಾರತದ 36 ರಫೇಲುಗಳ ಒಪ್ಪಂದದಲ್ಲಿ ಈ ಪಾಲು ಅರ್ಧದಷ್ಟಿತ್ತು.

ಐದನೆಯ ಬಾಣವೂ ಒಂದುಂಟು. ಅದನ್ನು ಬೆಳಕಿನಲ್ಲಿ ಯಾರೂ ತೋರಿಸುವುದಿಲ್ಲ. ಅದೇ ಲಂಚ. ಗುಟ್ಟಾಗಿ ನಡೆಯುವ, ಕೋಟಿಗಟ್ಟಲೆ ಹಣದ ವ್ಯವಹಾರದಲ್ಲಿ ಮಧ್ಯವರ್ತಿಗಳು ಹುಟ್ಟಿಕೊಳ್ಳುವುದು ಆಶ್ಚರ್ಯವಲ್ಲ. ಸೌದಿ ಅರೇಬಿಯಾಕ್ಕೆ 1980ರ ದಶಕದಿಂದ ನಡೆದ ವಿಮಾನ ಮಾರಾಟದ ಬಗ್ಗೆ ಬ್ರಿಟನ್ನಿನಲ್ಲಿ ತನಿಖೆ ಆರಂಭವಾಗಿ, 2006ರ ಡಿಸೆಂಬರಿನಲ್ಲಿ ದೇಶದ ಭದ್ರತೆಯ ಕಾರಣ ಹೇಳಿ ಅದನ್ನು ನಿಲ್ಲಿಸಲಾಯಿತು. ಆಸ್ಟ್ರಿಯ ದೇಶದಲ್ಲಿಯೂ ಟೈಫೂನ್ ಖರೀದಿಯ ಬಗ್ಗೆ ಬಹುಕಾಲ ವಿಚಾರಣೆ ನಡೆಯಿತು. ಹಣ ತೆರುವ ಪ್ರಜೆಗೆ ಲೆಕ್ಕ ಸಿಕ್ಕದ ವ್ಯಾಪಾರ ಎಷ್ಟು ದೊಡ್ಡದಾದರೂ ಗೌರವದ ವ್ಯಾಪಾರವಾಗದು.

ಇದಕ್ಕೆ ವ್ಯತಿರಿಕ್ತವಾದ ಒಂದು ಸುಂದರ ಉದಾಹರಣೆಯನ್ನು ಸ್ವಿಟ್ಜರ್ಲೆಂಡ್ ಒದಗಿಸಿದೆ. ಆ ಪುಟ್ಟ ದೇಶದ ಸರ್ಕಾರ 2011ರಲ್ಲಿ 22 ಗ್ರಿಪೆನ್‌ಗಳನ್ನು ಆರಿಸಿತು. ಆದರೆ ಅಲ್ಲಿಯ ಪದ್ಧತಿಯಂತೆ ಪ್ರಜೆಗಳು ಆ ವಿಷಯವನ್ನು ಮತಕ್ಕೆ ತರಿಸಿದರು. 2014ರ ಮೇ 18ರಂದು ಶೇಕಡಾ 53ಕ್ಕೂ ಹೆಚ್ಚು ಮಂದಿ 'ಬೇಡ' ಎಂದರು, ಸರ್ಕಾರ ತಲೆಬಾಗಿತು. ಮತ್ತೆ 2020ರಲ್ಲಿ ಹೊಸ ವಿಮಾನಗಳಿಗೆ 600 ಕೋಟಿ ಫ್ರಾಂಕು ಖರ್ಚು ಮಾಡಬಹುದೇ ಎಂದು ಕೇಳಿದಾಗ ಶೇಕಡಾ 50.1ರಷ್ಟು, ಅಂದರೆ ಕೂದಲೆಳೆಯ ಬಹುಮತದಿಂದ, ಒಪ್ಪಿಗೆ ದೊರೆಯಿತು. ಹಾಲು ಮಾರುವವಳೂ ಗಡಿಯಾರ ಮಾಡುವವನೂ ಯುದ್ಧವಿಮಾನದ ಬಗ್ಗೆ ಮತ ಕೊಡುವುದು ಎಂತಹ ಸೋಜಿಗ!

ಆ ಒಪ್ಪಿಗೆ ಸಿಕ್ಕಿದ ಮೇಲೆ ಸ್ವಿಟ್ಜರ್ಲೆಂಡ್ 2021ರಲ್ಲಿ ಆರಿಸಿದ್ದು ಯೂರೋಪಿನ ವಿಮಾನವನ್ನಲ್ಲ, ಅಮೆರಿಕದ ಎಫ್-35ನ್ನು. ಯೂರೋಪಿನ ಮೂರು ಅಂಗಡಿಗಳಿಗೂ ದೊಡ್ಡ ತಲೆನೋವು ಇದೇ. ಹಿತ್ತಲ ಗಿಡ ಮದ್ದಲ್ಲವೆಂಬಂತೆ ನೆರೆಹೊರೆಯವರೇ ಸಮುದ್ರದಾಚೆಯ ಸರಕನ್ನು ಮೆಚ್ಚುತ್ತಾರೆ. ಇದೇನೂ ಹೊಸದಲ್ಲ. 1975ರಲ್ಲಿ ಬೆಲ್ಜಿಯಂ, ನೆದರ್ಲೆಂಡ್ಸ್, ಡೆನ್ಮಾರ್ಕ್, ನಾರ್ವೆ ನಾಲ್ಕೂ ಸೇರಿ ಫ್ರಾನ್ಸಿನ ಮಿರಾಜನ್ನೂ ಸ್ವೀಡನ್ನಿನ ವಿಗ್ಗನನ್ನೂ ಬದಿಗೊತ್ತಿ, ಅಮೆರಿಕದ ಎಫ್-16 ವಿಮಾನಗಳನ್ನು 348ರಷ್ಟು ಕೊಂಡಾಗ, ಪತ್ರಿಕೆಗಳು ಅದನ್ನು ಶತಮಾನದ ವ್ಯಾಪಾರವೆಂದೇ ಕರೆದವು. 2021ರ ಡಿಸೆಂಬರಿನಲ್ಲಿ ಫಿನ್ಲೆಂಡ್, ಪಕ್ಕದ ಸ್ವೀಡನ್ನಿನ ಗ್ರಿಪೆನ್ ಕೂಡ ಕಣದಲ್ಲಿದ್ದರೂ, 64 ಎಫ್-35ಗಳನ್ನು ಆರಿಸಿತು. ಟೈಫೂನಿನ ಪಾಲುದಾರರಾದ ಬ್ರಿಟನ್, ಇಟಲಿ, ಜರ್ಮನಿಗಳೇ ಎಫ್-35ನ್ನು ಕೊಂಡಿವೆ! ಕಾರಣವೇನು? ಅಮೆರಿಕ ಸಾವಿರಗಟ್ಟಲೆ ವಿಮಾನ ಕಟ್ಟುವುದರಿಂದ ಮೊದಲು ಹೇಳಿದ ಲೆಕ್ಕದಂತೆ ಖರ್ಚು ಹಂಚಿಹೋಗುತ್ತದೆ. ರೇಡಾರಿನ ಕಣ್ಣಿಗೆ ಸುಲಭವಾಗಿ ಬೀಳದ ಗುಣವೂ ಅದಕ್ಕುಂಟು. ಎಲ್ಲಕ್ಕಿಂತ ಮಿಗಿಲಾಗಿ, ವಿಮಾನದೊಡನೆ ಅಮೆರಿಕದ ಆಶ್ರಯವನ್ನೂ ಕೊಂಡೆವೆಂಬ ನಂಬಿಕೆ ಕೊಳ್ಳುವವರಲ್ಲಿರುತ್ತದೆ.

ಈ ಆಶ್ರಯದ ಇನ್ನೊಂದು ಮುಖವೇ ಪರಾಧೀನತೆ. ಇದನ್ನು ಎರಡು ಘಟನೆಗಳು ಸ್ಪಷ್ಟಪಡಿಸುತ್ತವೆ. ಇಸ್ರೇಲ್ ದೇಶ ಫ್ರಾನ್ಸಿಗೆ 50 ಮಿರಾಜ್-5 ವಿಮಾನಗಳನ್ನು ಮಾಡಿಕೊಡಲು ಹೇಳಿ ಹಣವನ್ನೂ ತೆತ್ತಿತ್ತು. 1967ರ ಜೂನಿನಲ್ಲಿ ಯುದ್ಧವಾದಾಗ ಅಧ್ಯಕ್ಷ ದ ಗೋಲ್ ಅವರು ಆ ವಿಮಾನಗಳನ್ನು ಕಳಿಸಕೂಡದೆಂದು ತಡೆದರು. ಹಣ ಕೊಟ್ಟವರ ಕೈಗೆ ವಿಮಾನ ಬರಲೇ ಇಲ್ಲ. ಎರಡನೆಯದು ನಮ್ಮ ದೇಶಕ್ಕೇ ಸಂಬಂಧಪಟ್ಟದ್ದು. 1978ರಲ್ಲಿ ಭಾರತ ಹೊಸ ವಿಮಾನವನ್ನು ಹುಡುಕುತ್ತಿದ್ದಾಗ ಸ್ವೀಡನ್ನಿನ ವಿಗ್ಗನ್ ಕೂಡ ಸ್ಪರ್ಧೆಯಲ್ಲಿತ್ತು. ಆದರೆ ಅದರ ಎಂಜಿನ್ ಅಮೆರಿಕದ ಎಂಜಿನ್ನಿನಿಂದ ರೂಪಿಸಿದ್ದು. ಅಮೆರಿಕ ಒಪ್ಪಿಗೆ ಕೊಡಲಿಲ್ಲ, ಸ್ವೀಡನ್ ಮಾರಲಾಗಲಿಲ್ಲ. ಕೊನೆಗೆ ಬ್ರಿಟನ್ ಮತ್ತು ಫ್ರಾನ್ಸ್ ಕೂಡಿ ಮಾಡಿದ ಜಾಗ್ವಾರನ್ನು ನಮ್ಮವರು ಆರಿಸಿದರು. ಇಂದಿನ ಗ್ರಿಪೆನಿನ ಎಂಜಿನ್ನೂ ಅಮೆರಿಕದ ಮೂಲದ್ದೇ ಆದುದರಿಂದ ಆ ಹಳೆಯ ಬೇಲಿ ಇನ್ನೂ ಬಿದ್ದುಹೋಗಿಲ್ಲ.

ಈಗ ಅತ್ಯಂತ ಮುಖ್ಯವಾದ ಮಾತಿಗೆ ಬರೋಣ. ಸೀರೆ ಮಾರಿದವನಿಗೆ ಆ ಸೀರೆಯನ್ನು ಯಾರು ಉಡುತ್ತಾರೆಂಬ ಚಿಂತೆ ಬೇಕಾಗಿಲ್ಲ. ಆಯುಧ ಮಾರಿದವನಿಗೆ ಆ ಚಿಂತೆ ಬೇಡವೇ? 1982ರಲ್ಲಿ ಫಾಕ್‌ಲೆಂಡ್ ದ್ವೀಪಗಳಿಗಾಗಿ ಬ್ರಿಟನ್ನಿಗೂ ಅರ್ಜೆಂಟೀನಕ್ಕೂ ಯುದ್ಧವಾಯಿತು. ಮೇ 4ರಂದು ಅರ್ಜೆಂಟೀನದ ವಿಮಾನ ಬಿಟ್ಟ ಕ್ಷಿಪಣಿಯೊಂದು ಬ್ರಿಟನ್ನಿನ ಶೆಫೀಲ್ಡ್ ಎಂಬ ಯುದ್ಧನೌಕೆಗೆ ತಗುಲಿ 20 ನಾವಿಕರು ಸತ್ತರು. ಆ ವಿಮಾನವೂ ಆ ಕ್ಷಿಪಣಿಯೂ ಬ್ರಿಟನ್ನಿನ ಮಿತ್ರನಾದ ಫ್ರಾನ್ಸ್ ಮಾರಿದ್ದವು! 1990ರ ಆಗಸ್ಟಿನಲ್ಲಿ ಇರಾಕ್ ದೇಶ ಕುವೈತಿನ ಮೇಲೆ ಏರಿಹೋದಾಗ ಎರಡೂ ಕಡೆ ಫ್ರಾನ್ಸಿನ ಮಿರಾಜ್ ಎಫ್-1 ವಿಮಾನಗಳಿದ್ದವು. ಮಾರನೆಯ ವರ್ಷ ಕುವೈತನ್ನು ಬಿಡಿಸಲು ಹೋದ ಫ್ರಾನ್ಸ್, ಮಿತ್ರರು ತನ್ನವನ್ನೇ ಶತ್ರುವಿನ ವಿಮಾನಗಳೆಂದು ಬಗೆದಾರೆಂಬ ಭಯದಿಂದ, ತನ್ನ ಮಿರಾಜ್ ಎಫ್-1ಗಳನ್ನು ಮೊದಮೊದಲು ನೆಲದ ಮೇಲೆಯೇ ನಿಲ್ಲಿಸಿಕೊಳ್ಳಬೇಕಾಯಿತು. ತಾನು ಮಾರಿದ ಕತ್ತಿಯ ಹೊಳಪು ತನ್ನ ಕಣ್ಣನ್ನೇ ಕುಕ್ಕಿತು.

ಒಂದು ಮಾರಾಟ ಇನ್ನೊಂದಕ್ಕೆ ದಾರಿಮಾಡುವುದೂ ಉಂಟು. ಗ್ರೀಸ್ ಮತ್ತು ತುರ್ಕಿ ಬಹುಕಾಲದಿಂದ ಮನಸ್ತಾಪವುಳ್ಳ ನೆರೆಯವರು. 2021ರಲ್ಲಿ ಗ್ರೀಸ್ ರಫೇಲುಗಳನ್ನು ಕೊಂಡಿತು. 2025ರ ಅಕ್ಟೋಬರಿನಲ್ಲಿ ತುರ್ಕಿ 20 ಟೈಫೂನುಗಳಿಗೆ ಬ್ರಿಟನ್ನಿನೊಡನೆ ಸಹಿ ಹಾಕಿತು. ಇಬ್ಬರ ಹಣವೂ ಯೂರೋಪಿನ ಕಾರ್ಖಾನೆಗಳಿಗೇ ಹೋಯಿತು. ಇಬ್ಬರಿಗೂ ಮೊದಲಿಗಿಂತ ನಿರ್ಭಯತೆ ಹೆಚ್ಚಿತೇ ಎಂಬುದನ್ನು ವಾಚಕರೇ ಯೋಚಿಸಲಿ. ಹಾಗೆಂದು, ಗಡಿಯಲ್ಲಿ ಅಪಾಯವಿರುವ ದೇಶ ಕೈಕಟ್ಟಿ ಕೂಡಬೇಕೆಂದು ನಾವು ಹೇಳುತ್ತಿಲ್ಲ. ರಕ್ಷಣೆ ಪ್ರತಿಯೊಂದು ದೇಶದ ಕರ್ತವ್ಯ. ಆದರೆ ಕರ್ತವ್ಯಕ್ಕಾಗಿ ಕೊಳ್ಳುವುದು ಬೇರೆ, ಹುರುಡಿಗಾಗಿ ಕೊಳ್ಳುವುದು ಬೇರೆ. ಎರಡರ ನಡುವಣ ಗೆರೆಯನ್ನು ಮಾರುವವನು ಎಂದಿಗೂ ತೋರಿಸಿಕೊಡುವುದಿಲ್ಲ.

ಈ ಪರಾಧೀನತೆಯಿಂದ ಪಾರಾಗುವ ದಾರಿ ಯಾವುದು? ಸ್ವಂತ ವಿದ್ಯೆಯೊಂದೇ. ಇಲ್ಲಿ ಮುಂಬಯಿಗೂ ಕನ್ನಡ ನಾಡಿಗೂ ಇರುವ ಒಂದು ಹಳೆಯ ನಂಟನ್ನು ನೆನೆಯಬೇಕು. 1940ರಲ್ಲಿ ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದರು ವಿಮಾನ ಕಾರ್ಖಾನೆಯ ಕನಸು ಕಂಡಾಗ, ನೆಲ ಕೊಟ್ಟು ಪಾಲುಗೊಂಡದ್ದು ಮೈಸೂರು ಸಂಸ್ಥಾನ. ಬೆಂಗಳೂರಿನಲ್ಲಿ ಹೀಗೆ ಹುಟ್ಟಿದ ಸಂಸ್ಥೆಯೇ ಇಂದಿನ ಎಚ್‌ಎಎಲ್. ಅಲ್ಲಿ ರೂಪುಗೊಂಡ 'ಮಾರುತ' ಎಂಬ ಯುದ್ಧವಿಮಾನ 1961ರ ಜೂನ್ 17ರಂದು ಹಾರಿತು. ಅದರ ಮೈಕಟ್ಟು ಸೊಗಸಾಗಿತ್ತು. ಆದರೆ ಅದಕ್ಕೆ ತಕ್ಕ ಬಲವಾದ ಎಂಜಿನ್ ಕೊನೆಯವರೆಗೂ ದೊರೆಯಲಿಲ್ಲ. ಹೊರಗಿನಿಂದ ಬಂದ ಸಾಧಾರಣ ಎಂಜಿನ್ನಿನಿಂದಲೇ ಕಾಲ ಕಳೆಯಬೇಕಾಯಿತು. 2001ರ ಜನವರಿ 4ರಂದು ಬೆಂಗಳೂರಿನ ಆಗಸಕ್ಕೇರಿದ 'ತೇಜಸ್' ನಮ್ಮವರೇ ರೂಪಿಸಿದ ವಿಮಾನ. ಅದರ ಎದೆಯೊಳಗಿನ ಎಂಜಿನ್ ಮಾತ್ರ ಅಮೆರಿಕದ್ದು. ವಿಮಾನದ ಹೃದಯ ನಮ್ಮದಾಗುವವರೆಗೆ ಹಾರಾಟದ ಲಗಾಮು ಪೂರ್ತಿಯಾಗಿ ನಮ್ಮ ಕೈಗೆ ಬರುವುದಿಲ್ಲವೆಂಬ ಪಾಠವನ್ನು ವಿಗ್ಗನಿನ ಕಥೆಯೂ ಮಾರುತದ ಕಥೆಯೂ ಒಂದೇ ದನಿಯಲ್ಲಿ ಹೇಳುತ್ತವೆ.

ಯೂರೋಪಿನವರಾದರೂ ಹಿಂದಿನ ಪಾಠವನ್ನು ಪೂರ್ತಿ ಕಲಿತಂತೆ ಕಾಣುವುದಿಲ್ಲ. ಮುಂದಿನ ತಲೆಮಾರಿನ ವಿಮಾನಕ್ಕಾಗಿ ಫ್ರಾನ್ಸ್ ಮತ್ತು ಜರ್ಮನಿ 2017ರಲ್ಲಿ ಒಂದು ಯೋಜನೆಯನ್ನು ಸಾರಿದವು. ಸ್ಪೇನ್ ಆಮೇಲೆ ಸೇರಿತು. 2022ರ ಡಿಸೆಂಬರಿನಲ್ಲಿ ಬ್ರಿಟನ್ ಮತ್ತು ಇಟಲಿ ಜಪಾನಿನೊಡನೆ ಬೇರೊಂದು ಯೋಜನೆಗೆ ಕೈಹಾಕಿದವು. 1985ರಲ್ಲಿ ಒಡೆದ ಮನೆಯ ನಡುಗೋಡೆ ಮತ್ತೆ ಎದ್ದಿತು. ಸಂತೆಯಲ್ಲಿ ಅಂಗಡಿಗಳು ಹಲವಾಗಿಯೇ ಉಳಿದವು.

ವಿದ್ಯಾರ್ಥಿ ಮಿತ್ರರೇ, ನಮ್ಮ ನಗರದ ಮೇಲೆ ಎಂದಾದರೊಮ್ಮೆ ಯುದ್ಧವಿಮಾನ ಗುಡುಗುತ್ತ ಹಾದುಹೋದರೆ ನೀವು ಕಿಟಕಿಗೆ ಓಡಿ ನೋಡುವುದು ಸಹಜ. ನೋಡಿರಿ, ಬೆರಗಾಗಿರಿ, ಬೆರಗು ತಪ್ಪಲ್ಲ. ಆದರೆ ಕಣ್ಣಿನ ಬೆರಗಿನೊಡನೆ ಬುದ್ಧಿಯ ಪ್ರಶ್ನೆಗಳೂ ಏಳಲಿ. ಇದನ್ನು ಮಾಡಿದವರು ಯಾರು? ಇದರ ಬೆಲೆ ತೆತ್ತವರು ಯಾರು? ಇದರ ಎಂಜಿನ್ನಿನ ಬೀಗದಕೈ ಯಾರಲ್ಲಿದೆ? ಇದು ಯಾರನ್ನು ಕಾಯುತ್ತದೆ, ಯಾರನ್ನು ಅಂಜಿಸುತ್ತದೆ? ಗಣಿತ, ವಿಜ್ಞಾನ, ಇತಿಹಾಸ, ನಾಗರಿಕ ಶಾಸ್ತ್ರ, ನೀವು ತರಗತಿಯಲ್ಲಿ ಬೇರೆಬೇರೆಯಾಗಿ ಓದುವ ಈ ಪಾಠಗಳೆಲ್ಲ ಆ ಒಂದು ವಿಮಾನದಲ್ಲಿ ಕೂಡಿಕೊಂಡಿವೆ. ನಾಳೆ ನಿಮ್ಮಲ್ಲೊಬ್ಬರು ಎಂಜಿನ್ ಕಟ್ಟುವ ಎಂಜಿನಿಯರಾಗಬಹುದು. ಇನ್ನೊಬ್ಬರು ಕರಾರಿನ ಕಾಗದವನ್ನು ಪರಿಶೀಲಿಸುವ ಅಧಿಕಾರಿಯಾಗಬಹುದು. ಉಳಿದವರೆಲ್ಲರೂ ತೆರಿಗೆ ಕೊಟ್ಟು ಲೆಕ್ಕ ಕೇಳುವ ಪ್ರಜೆಗಳಂತೂ ಆಗಿಯೇ ಆಗುವಿರಿ. ಮಂಗಳದಾಸ್ ಮಾರ್ಕೆಟ್ಟಿನಲ್ಲಿ ತಾಯಿ ಸೀರೆಯ ಸೆರಗನ್ನು ಬೆಳಕಿಗೆ ಹಿಡಿದು, ನೂಲನ್ನು ತಿಕ್ಕಿ ನೋಡಿ, ಆಮೇಲೆ ಹಣದ ಚೀಲಕ್ಕೆ ಕೈಹಾಕುವುದನ್ನು ನೀವು ಕಂಡಿದ್ದೀರಷ್ಟೆ? ದೇಶವೂ ಹಾಗೆಯೇ ಕೊಳ್ಳಬೇಕು. ಹಾಗೆ ಕೊಳ್ಳುವಂತೆ ನೋಡಿಕೊಳ್ಳುವ ಕಣ್ಣು ನಿಮ್ಮದಾಗಲಿ.